ಬಾಯ್‌ಜೀನಿಯಸ್: ಆರು ಹಾಡುಗಳು, ಮೂವರು ಒಡತಿಯರು

ತಾವೇ ಬರೆದು, ತಾವೇ ಧಾಟಿ ಕೂಡಿಸಿ, ತಾವೇ ಗಿಟಾರ್ ಹಿಡಿದು ಹಾಡಿ ಅಭ್ಯಾಸವಾದ ಕಲಾವಿದರು ಒಂದು ತಂಡವಾಗಿ ಸೇರಿದಾಗ ಬಹುಮಟ್ಟಿಗೆ ಎರಡರಲ್ಲಿ ಒಂದು ಆಗುತ್ತದೆ. ಎತ್ತು ಏರಿಗೆಳೆದು ಕೋಣ ನೀರಿಗೆಳೆದು ಬಂಡಿ ನಿಂತಲ್ಲೇ ನಿಲ್ಲುತ್ತದೆ. ಇಲ್ಲವೇ ಯಾರಿಗೂ ಬೇಸರವಾಗಬಾರದೆಂದು ಎಲ್ಲರೂ ಒಂದಿಷ್ಟು ಹಿಂದೆ ಸರಿದು, ಯಾರದೂ ಅಲ್ಲದ ಸಪ್ಪೆ ಸಂಗೀತವೊಂದು ಹುಟ್ಟುತ್ತದೆ. ಅಮೆರಿಕದ ಜೂಲಿಯನ್ ಬೇಕರ್, ಫೀಬಿ ಬ್ರಿಜರ್ಸ್ ಮತ್ತು ಲೂಸಿ ಡೇಕಸ್ ಸೇರಿ ‘ಬಾಯ್‌ಜೀನಿಯಸ್’ ಎಂಬ ಹೆಸರಿನಲ್ಲಿ 2018ರ ಅಕ್ಟೋಬರ್ 26ರಂದು ಹೊರತಂದ, ತಂಡದ ಹೆಸರನ್ನೇ ಹೊತ್ತ ಆರು ಹಾಡುಗಳ ಇಪಿ (ಪೂರ್ಣಾವಧಿಯ ಆಲ್ಬಮ್‌ಗಿಂತ ಚಿಕ್ಕದಾದ ಮುದ್ರಿಕೆ) ಈ ಎರಡೂ ಗುಂಡಿಗಳಿಗೆ ಬೀಳದೆ ದಾಟಿಕೊಂಡ ಅಪರೂಪದ ಧ್ವನಿಮುದ್ರಿಕೆ. ಹೊರಬಂದು ಹಲವು ವರ್ಷ ಕಳೆದ ಮೇಲೆ, ಅದರ ನಂತರ ಬಂದ ದೊಡ್ಡ ಆಲ್ಬಮ್ ಪ್ರಶಸ್ತಿಗಳನ್ನು ಬಾಚಿಕೊಂಡ ಮೇಲೆ, ತಂಡವೇ ವಿರಾಮ ಘೋಷಿಸಿದ ಮೇಲೆ, ಈಗ ಈ ಪುಟ್ಟ ಮುದ್ರಿಕೆಯನ್ನು ಕೇಳಿದರೆ ಅದರ ಗುಣ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಆದ್ದರಿಂದಲೇ ತಡವಾದರೂ ಈ ವಿಮರ್ಶೆ.

ಮೂವರ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಬೇಕರ್ ಟೆನೆಸ್ಸಿ ರಾಜ್ಯದ ಮೆಂಫಿಸ್ ಸುತ್ತಮುತ್ತ ಬೆಳೆದವರು. 2015ರಲ್ಲಿ ಬಂದ ಅವರ ಮೊದಲ ಆಲ್ಬಮ್‌ನಲ್ಲಿ ಹೆಚ್ಚೂಕಡಿಮೆ ಒಂದು ಗಿಟಾರ್ ಮತ್ತು ಒಂದು ಕೊರಳು ಬಿಟ್ಟರೆ ಬೇರೇನೂ ಇಲ್ಲ. ಡೇಕಸ್ ವರ್ಜೀನಿಯಾದ ರಿಚ್ಮಂಡ್ ಕಡೆಯವರು. 2016ರಲ್ಲಿ ಒಂದು, 2018ರ ಆರಂಭದಲ್ಲಿ ಇನ್ನೊಂದು ಆಲ್ಬಮ್ ಹೊರತಂದಿದ್ದರು. ಬ್ರಿಜರ್ಸ್ ಲಾಸ್ ಏಂಜಲೀಸ್‌ನವರು. ಅವರ ಮೊದಲ ಆಲ್ಬಮ್ ಬಂದದ್ದು 2017ರಲ್ಲಿ. ಬೇಕರ್ ಮತ್ತು ಡೇಕಸ್ ಅವರ ಮುದ್ರಿಕೆಗಳನ್ನು ಮ್ಯಾಟಡೋರ್ ಸಂಸ್ಥೆಯೂ ಬ್ರಿಜರ್ಸ್ ಅವರದನ್ನು ಡೆಡ್ ಓಷನ್ಸ್ ಸಂಸ್ಥೆಯೂ ಪ್ರಕಟಿಸುತ್ತಿದ್ದವು. ಎರಡೂ ಸ್ವತಂತ್ರ ಸಂಸ್ಥೆಗಳು, ಅಂದರೆ ಜಗತ್ತಿನ ಮೂರು ದೈತ್ಯ ಸಂಗೀತ ಕಂಪನಿಗಳ ಆಡಳಿತದ ಹೊರಗಿರುವಂಥವು. 2016ರಲ್ಲಿ ಬೇಕರ್ ನಡೆಸಿದ ಕಛೇರಿಗಳಲ್ಲಿ ಮೊದಲು ಡೇಕಸ್, ಆಮೇಲೆ ಬ್ರಿಜರ್ಸ್ ಆರಂಭಿಕ ಗಾಯಕಿಯರಾಗಿ ಹಾಡಿದರು. ಪರಿಚಯ ಅಲ್ಲಿಂದ ಶುರುವಾಗಿ ಇಮೇಲ್‌ಗಳಲ್ಲಿ ಬೆಳೆಯಿತು. ಪತ್ರಿಕೆಗಳು ಈ ಮೂವರನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ವಯಸ್ಸು ಒಂದೇ, ವಾದ್ಯ ಒಂದೇ, ದುಃಖವೂ ಒಂದೇ ಎಂಬಂತೆ ಬರೆಯುತ್ತಿದ್ದ ಕಾಲವದು. ಮೂವರನ್ನೂ ಪ್ರತಿಸ್ಪರ್ಧಿಗಳನ್ನಾಗಿ ನೋಡುವ ಆ ಕಣ್ಣಿಗೆ ಉತ್ತರವೆಂಬಂತೆ ಈ ತಂಡ ಹುಟ್ಟಿತು ಎಂದರೆ ತಪ್ಪಾಗಲಾರದು.

ಹುಟ್ಟಿದ ಕಾರಣ ಮಾತ್ರ ತೀರಾ ವ್ಯಾವಹಾರಿಕವಾದದ್ದು. 2018ರ ನವೆಂಬರ್‌ನಲ್ಲಿ ಮೂವರೂ ಒಂದೇ ವೇದಿಕೆಯಲ್ಲಿ, ಒಬ್ಬರಾದ ಮೇಲೆ ಒಬ್ಬರಂತೆ, ಊರೂರು ಸುತ್ತಿ ಹಾಡುವುದೆಂದು ಮೊದಲೇ ಗೊತ್ತಾಗಿತ್ತು. ಆ ಪ್ರವಾಸದ ಪ್ರಚಾರಕ್ಕೆ ಒಂದೋ ಎರಡೋ ಹಾಡುಗಳ ಚಿಕ್ಕ ತಟ್ಟೆಯೊಂದನ್ನು ತರೋಣವೆಂದು ಆರಂಭವಾದ ಕೆಲಸ ಆರು ಹಾಡುಗಳಿಗೆ ಬೆಳೆಯಿತು. ಅವರು ಮಾಡಿಕೊಂಡ ಕರಾರು ಸರಳ: ಪ್ರತಿಯೊಬ್ಬರೂ ಪೂರ್ಣಗೊಂಡ ಒಂದು ಹಾಡನ್ನೂ ಅರ್ಧಕ್ಕೆ ನಿಂತ ಒಂದು ಹಾಡನ್ನೂ ತರಬೇಕು. 2018ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಸೌಂಡ್ ಸಿಟಿ ಸ್ಟುಡಿಯೊದಲ್ಲಿ, ಹೊರಗಿನ ನಿರ್ಮಾಪಕರ ನೆರವಿಲ್ಲದೆ, ಕೆಲವೇ ದಿನಗಳಲ್ಲಿ ಮುದ್ರಣ ಮುಗಿಯಿತು. ನಿರ್ವಾಣ ತಂಡದ ಜಗತ್ಪ್ರಸಿದ್ಧ ಆಲ್ಬಮ್ 1991ರಲ್ಲಿ ಮುದ್ರಣಗೊಂಡ ಸ್ಟುಡಿಯೊ ಅದೇ ಎಂಬುದು ರಾಕ್ ಪ್ರಿಯರಿಗೆ ನೆನಪಿರಬಹುದು. ಇನ್ನು ತಂಡದ ಹೆಸರು ಒಂದು ಕುಚೋದ್ಯ: ಸ್ಟುಡಿಯೊಗಳಲ್ಲಿ ತಮ್ಮ ಬಾಯಿಂದ ಬಂದದ್ದೆಲ್ಲ ಮುತ್ತೆಂದು ಚಿಕ್ಕಂದಿನಿಂದ ನಂಬಿಸಲ್ಪಟ್ಟ ಗಂಡಸರನ್ನು ಕಂಡು ಕಂಡು, ತಮ್ಮಲ್ಲಿ ಯಾರಿಗಾದರೂ ಹಿಂಜರಿಕೆಯಾದಾಗ ಆ ಗಂಡುಹುಡುಗರ ಆತ್ಮವಿಶ್ವಾಸದಲ್ಲಿ ಒಂದು ಪಾಲನ್ನು ಸಾಲ ಪಡೆಯೋಣವೆಂದು ಮೂವರೂ ಹೇಳಿಕೊಳ್ಳುತ್ತಿದ್ದರಂತೆ.

ಈ ಕರಾರಿನ ಫಲವನ್ನು ಮುದ್ರಿಕೆಯ ಉದ್ದಕ್ಕೂ ಕೇಳಬಹುದು, ಮತ್ತು ನನ್ನ ಮೆಚ್ಚುಗೆಯ ತಿರುಳೂ ಅಲ್ಲೇ ಇದೆ. ಹಾಡು ಯಾರದು ಎಂಬುದನ್ನು ಇಲ್ಲಿ ಮರೆಮಾಚಿಲ್ಲ. ನಮ್ಮ ದಾಸರ ಪದದ ಕೊನೆಯ ಚರಣದಲ್ಲಿ ‘ಪುರಂದರವಿಠಲ’ ಎಂದೋ ‘ಕಾಗಿನೆಲೆಯಾದಿಕೇಶವ’ ಎಂದೋ ಬಂದ ಕೂಡಲೇ ಕರ್ತೃ ಯಾರೆಂದು ತಿಳಿಯುವಂತೆ, ಇಲ್ಲಿ ಮೊದಲ ಸಾಲಿನ ಕೊರಳೇ ಅಂಕಿತದ ಕೆಲಸ ಮಾಡುತ್ತದೆ. ಡೇಕಸ್ ಅವರದು ಮಂದ್ರದಲ್ಲಿ ನೆಲೆಯೂರಿದ, ಅವಸರವಿಲ್ಲದ, ಬೆಚ್ಚನೆಯ ದನಿ. ಎಂಥ ಕಟು ಮಾತನ್ನೂ ಅವರು ಹಿಸಾಬು ಓದಿ ಹೇಳುವವರ ಸಮಾಧಾನದಲ್ಲಿ ಹೇಳಬಲ್ಲರು. ಬ್ರಿಜರ್ಸ್ ಕಿವಿಯ ಹತ್ತಿರ ಬಂದು ಪಿಸುಗುಟ್ಟುವಂತೆ ಹಾಡುತ್ತಾರೆ. ಉಸಿರೇ ಅವರ ದನಿಯ ಮುಕ್ಕಾಲು ಪಾಲು. ಬೇಕರ್ ಎಳೆಯ ಕೊರಳಿನಲ್ಲಿ, ಯಾರಿಗೂ ಕೇಳಿಸಬಾರದು ಎಂಬಷ್ಟು ಮೆಲ್ಲಗೆ ಶುರುಮಾಡಿ, ತಾರಸ್ಥಾಯಿಗೆ ಏರಿದಾಗ ಇಡೀ ಸಭಾಂಗಣಕ್ಕೆ ಸಾಲುವಷ್ಟು ಕೂಗಬಲ್ಲವರು. ಹಾಡಿನ ಒಡತಿ ಮುಂದೆ ನಿಂತಾಗ ಉಳಿದ ಇಬ್ಬರು ಕೇವಲ ಹಿನ್ನೆಲೆ ಗಾಯಕಿಯರೂ ಆಗುವುದಿಲ್ಲ, ಮೇಲೆ ಬಿದ್ದು ಪಾಲು ಕೇಳುವುದೂ ಇಲ್ಲ. ಆ ಹಾಡಿಗೆ ಎಲ್ಲಿ ಆಸರೆ ಬೇಕೋ ಅಲ್ಲಿ ಬಂದು ಹೆಗಲು ಕೊಟ್ಟು ಹಿಂದಿರುಗುತ್ತಾರೆ.

ಮೊದಲ ಹಾಡು ‘ಬೈಟ್ ದ ಹ್ಯಾಂಡ್’ ಡೇಕಸ್ ತಂದದ್ದು. ಕಲಾವಿದೆಗೂ ಆಕೆಯಿಂದ ಇನ್ನಿಲ್ಲದ ಪ್ರೀತಿಯನ್ನು ನಿರೀಕ್ಷಿಸುವ ಅಭಿಮಾನಿಗಳಿಗೂ ನಡುವಿನ ಸಂಬಂಧ ಇದರ ವಸ್ತು; ಉಂಡ ಮನೆಯ ಜಂತಿ ಎಣಿಸಿದಂತೆ ತೋರಬಹುದಾದ ವಿಷಯವನ್ನು ಅವರು ತುಂಬ ನೇರವಾಗಿ, ಸಿಟ್ಟಿಲ್ಲದೆ, ನಿಮಗೆ ಬೇಕಾದಂತೆ ನಿಮ್ಮನ್ನು ಪ್ರೀತಿಸಲು ನನ್ನಿಂದಾಗದು ಎಂಬ ಅರ್ಥದ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತ ಮಂಡಿಸುತ್ತಾರೆ. ಆರಂಭದಲ್ಲಿ ಒಬ್ಬರೇ. ಹಾಡು ಮುಂದುವರಿದಂತೆ ಒಂದು ದನಿ, ಆಮೇಲೆ ಇನ್ನೊಂದು ದನಿ ಸೇರುತ್ತವೆ. ಕೊನೆಯ ಹೊತ್ತಿಗೆ ಮೂರೂ ದನಿಗಳು ಒಂದರ ಮೇಲೊಂದು ಹಾಯ್ದು, ಒಬ್ಬಳ ತಗಾದೆಯಾಗಿದ್ದ ಮಾತು ಮೂವರ ಸಹಿ ಬಿದ್ದ ಅರ್ಜಿಯಾಗುತ್ತದೆ. ಮುದ್ರಿಕೆಯನ್ನು ಈ ಹಾಡಿನಿಂದ ಆರಂಭಿಸಿದ್ದು ಜಾಣತನ. ಈ ತಂಡದಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಮೂರು ನಿಮಿಷಗಳಲ್ಲಿ ಮಾಡಿ ತೋರಿಸಿಬಿಡುತ್ತದೆ.

ಎರಡನೆಯದಾದ ‘ಮಿ ಆ್ಯಂಡ್ ಮೈ ಡಾಗ್’ ಬ್ರಿಜರ್ಸ್ ಅವರ ಹಾಡು. ಆರರಲ್ಲಿ ಅತ್ಯುತ್ತಮವೆಂದು ನಾನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ. ಮುರಿದ ಸಂಬಂಧವೊಂದರ ಲೆಕ್ಕಪತ್ರ ಇದು. ಬೇರೆಯವರ ಕೈಗೆ ಸಿಕ್ಕಿದ್ದರೆ ಗೋಳಾಟವಾಗಬಹುದಿತ್ತು, ಆದರೆ ಬ್ರಿಜರ್ಸ್ ವಿವರಗಳನ್ನು ಆರಿಸುವುದರಲ್ಲಿ ಬಲು ಕಟ್ಟುನಿಟ್ಟು. ದೊಡ್ಡ ಭಾವನೆಯ ಪಕ್ಕದಲ್ಲಿ ಒಂದು ಕ್ಷುಲ್ಲಕ ಸಂಗತಿಯನ್ನಿಟ್ಟು ಎರಡನ್ನೂ ಒಂದೇ ದನಿಯಲ್ಲಿ ಹಾಡಿ ಮುಂದೆ ಹೋಗುತ್ತಾರೆ. ಸಣ್ಣಗೆ ಮೀಟಿದ ಗಿಟಾರ್‌ನೊಂದಿಗೆ ತೆರೆದುಕೊಳ್ಳುವ ಹಾಡು ಡ್ರಮ್ ಸೇರಿದ ಮೇಲೆ ಅಲೆಯಂತೆ ಉಬ್ಬುತ್ತ ಹೋಗಿ, ಎಲ್ಲ ಬಿಟ್ಟು ತಾನೂ ತನ್ನ ನಾಯಿಯೂ ಇಬ್ಬರೇ ಅಂತರಿಕ್ಷ ನೌಕೆಯೊಂದರಲ್ಲಿ ಕೂತು ಹೊರಟುಬಿಡಬೇಕೆಂಬ ಆಸೆಗೆ ಬಂದು ಮುಟ್ಟುತ್ತದೆ. ಆ ಏರಿಕೆಯಲ್ಲಿ ಬೇಕರ್ ಮತ್ತು ಡೇಕಸ್ ದನಿಗೂಡಿಸುವುದನ್ನು ಗಮನವಿಟ್ಟು ಕೇಳಬೇಕು. ಬ್ರಿಜರ್ಸ್ ಅವರ ಒಂಟಿ ಆಲ್ಬಮ್‌ನಲ್ಲಿ ಇದೇ ಜಾಗದಲ್ಲಿ ಅವರದೇ ದನಿಯ ಮೇಲೆ ಅವರದೇ ದನಿಯನ್ನು ಇನ್ನೊಂದು ಪದರವಾಗಿ ಕೂಡಿಸಿರುತ್ತಿದ್ದರು. ಅಂಥ ಕೂಡಿಕೆ ಚೆಂದವಾಗಿ ಕೇಳಿಸಿದರೂ ಒಂಟಿತನವನ್ನೇ ಇಮ್ಮಡಿಗೊಳಿಸುತ್ತದೆ. ಇಲ್ಲಿ ಕೂಡಿಕೊಳ್ಳುವ ದನಿಗಳಿಗೆ ಬೇರೆಯದೇ ತೂಕವಿದೆ, ಬೇರೆಯದೇ ಊರಿನ ಉಚ್ಚಾರವಿದೆ. ಯಾರೂ ಬೇಡ, ನಾಯಿಯೊಂದೇ ಸಾಕು ಎನ್ನುವ ಮಾತನ್ನು ಮೂವರು ಸೇರಿ ಹಾಡುವುದರಲ್ಲಿರುವ ವಿನೋದ ಅವರಿಗೂ ಗೊತ್ತಿಲ್ಲದಿರಲಾರದು.

‘ಸುವನೀರ್’ ಈ ಕೂಟದ ಇನ್ನೊಂದು ಮುಖ. ಇದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚರಣ. ಬೇಕರ್ ಅವರ ಚರಣದಲ್ಲಿ ಕಾರಿನ ಕನ್ನಡಿಗೆ ನೇತುಹಾಕಿದ, ಕನಸು ಹಿಡಿಯುವುದೆಂದು ನಂಬಲಾದ ಬಲೆ ಬರುತ್ತದೆ, ಅದಕ್ಕೆ ಇನ್ನೂ ಒಂದು ಕನಸೂ ಸಿಕ್ಕಿಲ್ಲ. ಬ್ರಿಜರ್ಸ್ ತಾನು ಯಾವಾಗಲೂ ಸ್ಮಶಾನದ ಪಕ್ಕದಲ್ಲೇ, ಆಸ್ಪತ್ರೆಗೂ ದೂರವಲ್ಲದ ಮನೆಯನ್ನೇ ಹಿಡಿಯುತ್ತೇನೆ ಎನ್ನುತ್ತಾರೆ. ಡೇಕಸ್ ತನ್ನ ತಲೆಬುರುಡೆಯನ್ನು ಕೊರೆದು ಒಳಗೆ ನೋಡಿದರೆ ಕಾಣುವುದು ನಿನಗೂ ನನ್ನಷ್ಟೇ ಅಸಹ್ಯವೇ ಎಂದು ಕೇಳುತ್ತಾರೆ. ಮೂರೂ ಚರಣಗಳು ತಮ್ಮಷ್ಟಕ್ಕೆ ತೀಕ್ಷ್ಣವಾಗಿವೆ. ಆದರೆ ಅವುಗಳನ್ನು ಹೊಲಿಯುವ ದಾರ ತೆಳು. ಒಂದು ಚರಣ ಇನ್ನೊಂದಕ್ಕೆ ಉತ್ತರ ಕೊಡುವುದಿಲ್ಲ, ಮುಂದಿನ ಹೆಜ್ಜೆಗೆ ತಳ್ಳುವುದೂ ಇಲ್ಲ. ಪಾಳಿಯಂತೆ ಹಂಚಿಕೊಂಡ ಹಾಡಿನ ದೌರ್ಬಲ್ಯವಿದು, ಮತ್ತು ಮುದ್ರಿಕೆಯಲ್ಲಿ ಮನಸ್ಸು ಅತ್ತಿತ್ತ ಹೋಗುವ ಜಾಗವೇನಾದರೂ ಇದ್ದರೆ ಇದೊಂದೇ. ಧಾಟಿ ಮಾತ್ರ ಹಾಡು ಮುಗಿದ ಮೇಲೂ ಬಾಯಲ್ಲಿ ಉಳಿಯುತ್ತದೆ ಎಂಬುದನ್ನು ಒಪ್ಪಬೇಕು.

‘ಸ್ಟೇ ಡೌನ್’ ಬೇಕರ್ ಅವರದು. ಬಾಕ್ಸಿಂಗ್ ಕಣದಲ್ಲಿ ಹೊಡೆತ ತಿಂದು ಬಿದ್ದವರು ಏಳಬೇಕೋ ಬಿದ್ದೇ ಇರಬೇಕೋ ಎಂಬ ಚಿತ್ರವೂ, ಪಾಪಿಯನ್ನು ನೀರಿನಲ್ಲಿ ಮುಳುಗಿಸಿ ಎಬ್ಬಿಸುವ ಕ್ರೈಸ್ತ ದೀಕ್ಷೆಯ ಚಿತ್ರವೂ ಇದರಲ್ಲಿ ಬೆರೆತಿವೆ. ಶ್ರದ್ಧಾವಂತ ಕ್ರೈಸ್ತ ಕುಟುಂಬದಲ್ಲಿ ಬೆಳೆದ ಬೇಕರ್ ಅವರಿಗೆ ಈ ಎರಡನೆಯ ಚಿತ್ರ ಎರವಲು ಅಲಂಕಾರವಲ್ಲ, ಅವರ ಬರವಣಿಗೆಯ ತಳಹದಿಯೇ ಅದು. ಕೇಳುಗರಲ್ಲಿ ಕೆಲವರಿಗೆ ಅವರ ಹಾಡುಗಳ ಸ್ವನಿಂದೆ ಅತಿಯೆನಿಸುವುದುಂಟು. ಒಂಟಿ ಆಲ್ಬಮ್‌ಗಳನ್ನು ಒಂದೇ ಕೂರಿಕೆಯಲ್ಲಿ ಕೇಳಿದಾಗ ನನಗೂ ಉಸಿರುಗಟ್ಟಿದಂತಾಗಿದೆ. ಇಲ್ಲಿ ಹಾಗಾಗದಿರುವುದಕ್ಕೆ ಕಾರಣ ನೆರೆಹೊರೆ. ಹಿಂದೆ ಒಂದು ಹಾಡು, ಮುಂದೆ ಒಂದು ಹಾಡು ಬೇರೆ ಸ್ವಭಾವದವರದ್ದಿರುವಾಗ ಅದೇ ಆರ್ತತೆ ತನ್ನ ಅಳತೆಗೆ ಸರಿಯಾಗಿ ಕೂರುತ್ತದೆ. ಒಂಟಿ ಗಾಯಕಿಯ ಆಲ್ಬಮ್ ಕೊಡಲಾಗದ ಈ ಬಿಡುವನ್ನು ತಂಡ ಕೊಡುತ್ತದೆ.

ಐದನೆಯದಾದ ‘ಸಾಲ್ಟ್ ಇನ್ ದ ವೂಂಡ್’ ಮತ್ತೆ ಡೇಕಸ್ ಮುಂದಾಳುತನದ್ದು. ನಾನು ಒಂದರ ಹಿಂದೊಂದು ಜಾದೂ ಮಾಡುತ್ತಲೇ ಇರುತ್ತೇನೆ, ನೀನು ಮಾತ್ರ ಅದರ ಗುಟ್ಟನ್ನೇ ಪಟ್ಟುಹಿಡಿದು ಕೇಳುತ್ತಿ ಎಂದು ದೂರುವ ಈ ಹಾಡು ನಿಧಾನವಾಗಿ ಕಾವೇರಿ, ಕೊನೆಯಲ್ಲಿ ಗಿಟಾರ್‌ಗಳ ಆರ್ಭಟವಾಗಿ ಸಿಡಿಯುತ್ತದೆ. ಇಡೀ ಮುದ್ರಿಕೆಯಲ್ಲಿ ರಾಕ್ ಸಂಗೀತದ ಗಾತ್ರ ಪೂರ್ತಿಯಾಗಿ ಕಾಣುವುದು ಇಲ್ಲೇ. ತಾಂತ್ರಿಕವಾಗಿ ನನ್ನದೊಂದು ಆಕ್ಷೇಪವಿದೆ: ಮೊಬೈಲ್ ಜೊತೆ ಬಳಸುವ ಸಾಧಾರಣ ಇಯರ್‌ಫೋನ್‌ನಲ್ಲಿ ಈ ಕೊನೆಯ ಭಾಗ ಗೋಡೆಯಾಗಿಬಿಡುತ್ತದೆ, ದನಿಗಳು ಅದರ ಹಿಂದೆ ಸಿಕ್ಕಿಕೊಳ್ಳುತ್ತವೆ. ಮನೆಯ ಸ್ಪೀಕರ್‌ನಲ್ಲಿ, ಶಬ್ದವನ್ನು ಒಂದಿಷ್ಟು ಏರಿಸಿ ಕೇಳಿದಾಗಲೇ ಯಾವ ಗಿಟಾರ್ ಎಲ್ಲಿದೆಯೆಂದು ಬಿಡಿಸಿಕೊಳ್ಳಲು ಸಾಧ್ಯವಾಗುವುದು. ಮೆಟ್ರೊದಲ್ಲೋ ಬಸ್ಸಿನಲ್ಲೋ ಕೇಳುವವರು ಈ ಹಾಡನ್ನು ಮನೆಗೆ ಬಂದ ಮೇಲೆ ಇನ್ನೊಮ್ಮೆ ಕೇಳುವುದು ಒಳ್ಳೆಯದು.

ಕೊನೆಯ ‘ಕೆಚಮ್, ಐಡಾಹೊ’ ಅದಕ್ಕೆ ಪೂರ್ತಿ ವಿರುದ್ಧ. ಡ್ರಮ್ ಇಲ್ಲ, ಆರ್ಭಟವಿಲ್ಲ. ಒಂದು ಅಕೂಸ್ಟಿಕ್ ಗಿಟಾರ್, ಮೂರು ಕೊರಳು. ಕೆಚಮ್ ಎಂಬುದು ಐಡಾಹೊ ರಾಜ್ಯದ ಒಂದು ಪುಟ್ಟ ಊರು, ಕಾದಂಬರಿಕಾರ ಅರ್ನೆಸ್ಟ್ ಹೆಮಿಂಗ್ವೇ 1961ರಲ್ಲಿ ತೀರಿಕೊಂಡ ಸ್ಥಳ. ಹಾಡಿನ ವಿಷಯ ಮಾತ್ರ ಹೆಮಿಂಗ್ವೇ ಅಲ್ಲ, ಊರೂರು ಸುತ್ತಿ ಹಾಡುವವರ ಬದುಕು: ಎಲ್ಲಿಗೆ ಹೋದರೂ ಎಲ್ಲೂ ಇಲ್ಲದಂತಿರುವುದು, ಮನೆಗೆ ಬಂದರೂ ಮನೆಯ ಅರಿವಾಗುವಷ್ಟು ಕಾಲ ಉಳಿಯದಿರುವುದು. ಪಲ್ಲವಿಯಲ್ಲಿ ಮೂರು ದನಿಗಳೂ ಒಟ್ಟಿಗೆ ಚಲಿಸುತ್ತವೆ. ನಮ್ಮ ಕಿವಿಗೆ ಹಾರ್ಮನಿ ಎಂಬುದು ಒಗ್ಗಿದ್ದು ಹೆಚ್ಚಾಗಿ ಸಿನಿಮಾ ಸಂಗೀತದ ಮೂಲಕ. ಅಲ್ಲಿ ಅದು ಕೋರಸ್‌ನವರ ಕೆಲಸ, ಮುಖ್ಯ ಗಾಯಕರ ಹಿಂದೆ ಹಾಸಿದ ಪರದೆ. ಸುಗಮ ಸಂಗೀತದಲ್ಲೂ ಸಮೂಹ ಗಾಯನವೆಂದರೆ ಬಹುಪಾಲು ಎಲ್ಲರೂ ಒಂದೇ ಸ್ವರದಲ್ಲಿ ಹಾಡುವುದು. ಇಲ್ಲಿ ಮೂರು ದನಿಗಳು ಮೂರು ಬೇರೆ ಸ್ವರಗಳನ್ನು ಹಿಡಿದು, ಯಾವುದು ಮುಖ್ಯ ಯಾವುದು ಪೋಷಕ ಎಂಬುದೇ ಮಸುಕಾಗುವಂತೆ ಹೆಣೆದುಕೊಳ್ಳುತ್ತವೆ. ಮೊದಲ ಬಾರಿ ಕೇಳುವಾಗ ಬ್ರಿಜರ್ಸ್ ಅವರನ್ನೂ, ಎರಡನೆಯ ಬಾರಿ ಕೆಳಗಿನ ಡೇಕಸ್ ಅವರನ್ನೂ, ಮೂರನೆಯ ಬಾರಿ ಬೇಕರ್ ಅವರನ್ನೂ ಹಿಂಬಾಲಿಸಿ ನೋಡಿ. ಒಂದೇ ಹಾಡು ಮೂರು ಹಾಡಾಗುತ್ತದೆ.

ಮುಖಪುಟದ ಚಿತ್ರದ ಬಗ್ಗೆ ಒಂದು ಮಾತು. ಮೂವರೂ ಸೋಫಾ ಮೇಲೆ ಕೂತಿರುವ ಈ ಚಿತ್ರ ಡೇವಿಡ್ ಕ್ರಾಸ್ಬಿ, ಸ್ಟೀಫನ್ ಸ್ಟಿಲ್ಸ್, ಗ್ರಹಾಂ ನ್ಯಾಶ್ ಎಂಬ ಮೂವರು ಗಾಯಕರ ತಂಡದ 1969ರ ಮೊದಲ ಆಲ್ಬಮ್‌ನ ಮುಖಪುಟದ ಬೇಕೆಂದೇ ಮಾಡಿದ ಅನುಕರಣೆ. ಆ ಹಳೆಯ ಚಿತ್ರಕ್ಕೊಂದು ಕಥೆಯಿದೆ: ಪಾಳುಮನೆಯೊಂದರ ಹೊರಗಿದ್ದ ಹಳೆಯ ಸೋಫಾ ಮೇಲೆ ಮೂವರೂ ಕೂತು ತೆಗೆಸಿಕೊಂಡಾಗ ತಂಡದ ಹೆಸರೇ ನಿಕ್ಕಿಯಾಗಿರಲಿಲ್ಲ, ಆಮೇಲೆ ಹೆಸರಿನ ಕ್ರಮಕ್ಕೂ ಕೂತ ಕ್ರಮಕ್ಕೂ ತಾಳೆಯಾಗುತ್ತಿಲ್ಲವೆಂದು ಮತ್ತೆ ಚಿತ್ರ ತೆಗೆಯಲು ಹೋದರೆ ಮನೆಯನ್ನೇ ಕೆಡವಿಹಾಕಿದ್ದರಂತೆ. ಆ ತಂಡದ ಮುಂದಿನ ಇತಿಹಾಸ ಇಲ್ಲಿ ಪ್ರಸ್ತುತ. ನೀಲ್ ಯಂಗ್ ಸೇರಿ ನಾಲ್ವರಾದ ಮೇಲೆ 1970ರಲ್ಲಿ ಬಂದ ಆಲ್ಬಮ್‌ನ ಹಲವು ಹಾಡುಗಳು ಬರೆದವರೇ ಬಹುಪಾಲು ಒಂಟಿಯಾಗಿ ದುಡಿದು ಮುದ್ರಿಸಿದವು. ಒಂದೇ ಲಕೋಟೆಯಲ್ಲಿ ನಾಲ್ವರ ಪ್ರತ್ಯೇಕ ಪತ್ರಗಳು ಎನ್ನಬಹುದು. ಅವು ಒಳ್ಳೆಯ ಹಾಡುಗಳೇ. ಆದರೆ ಒಬ್ಬರ ಹಾಡಿನೊಳಗೆ ಇನ್ನೊಬ್ಬರು ಇಳಿದು ಮಾಡಿದ ಕೆಲಸ ಅಲ್ಲಿ ಅಷ್ಟಾಗಿ ಕೇಳುವುದಿಲ್ಲ. 1988ರ ಟ್ರಾವೆಲಿಂಗ್ ವಿಲ್ಬರೀಸ್ ಇನ್ನೊಂದು ಬಗೆ: ಜಾರ್ಜ್ ಹ್ಯಾರಿಸನ್, ಬಾಬ್ ಡಿಲನ್, ಟಾಮ್ ಪೆಟ್ಟಿ, ಜೆಫ್ ಲಿನ್, ರಾಯ್ ಆರ್ಬಿಸನ್ ಎಂಬ ಐವರು ಘಟಾನುಘಟಿಗಳು ಸುಳ್ಳು ಹೆಸರಿಟ್ಟುಕೊಂಡು, ಬಿಗುಮಾನ ಬದಿಗಿಟ್ಟು ಮಾಡಿದ ಹಬ್ಬದೂಟ. ಅಲ್ಲಿ ಸಂತೋಷ ಧಾರಾಳವಾಗಿದೆ, ಪಣಕ್ಕಿಟ್ಟದ್ದು ಕಡಿಮೆ. ಎಲ್ಲರಿಗೂ ಆಗಲೇ ದೊಡ್ಡ ಹೆಸರಿತ್ತು. ಬಾಯ್‌ಜೀನಿಯಸ್‌ನ ಮೂವರು ಸೇರಿದಾಗ ಇಪ್ಪತ್ತಮೂರು ಇಪ್ಪತ್ತನಾಲ್ಕರ ಆಸುಪಾಸಿನವರು, ಸ್ವಂತ ಮುಂದಿನ ಆಲ್ಬಮ್‌ಗೆ ಇಟ್ಟುಕೊಳ್ಳಬಹುದಾಗಿದ್ದ ಒಳ್ಳೆಯ ಹಾಡನ್ನು ಎಲ್ಲರ ಮುಂದೆ ತಂದಿಟ್ಟವರು. ಹೆಸರು ಮಾಡುವ ವಯಸ್ಸಿನಲ್ಲಿ ಅದು ಸಣ್ಣ ತ್ಯಾಗವಲ್ಲ.

ಇನ್ನು 2023ರ ಮಾರ್ಚ್ 31ರಂದು ಬಂದ ಪೂರ್ಣಾವಧಿಯ ಆಲ್ಬಮ್. 2020ರ ಜೂನ್‌ನಲ್ಲಿ ತಮ್ಮ ಎರಡನೆಯ ಒಂಟಿ ಆಲ್ಬಮ್ ಹೊರಬಂದ ಬೆನ್ನಿಗೇ ಬ್ರಿಜರ್ಸ್ ಒಂದು ಹಾಡಿನ ಕರಡನ್ನು ಗೆಳತಿಯರಿಗೆ ಕಳಿಸಿ, ಮತ್ತೆ ತಂಡವಾಗೋಣವೇ ಎಂದು ಕೇಳಿದ್ದರಿಂದ ಅದಕ್ಕೆ ನಾಂದಿಯಾಯಿತು. ಆ ನಡುವೆ ಮೂವರೂ ಪರಸ್ಪರರ ಒಂಟಿ ಆಲ್ಬಮ್‌ಗಳಲ್ಲಿ ದನಿಗೂಡಿಸುತ್ತಲೂ ಇದ್ದರು. ಹನ್ನೆರಡು ಹಾಡುಗಳ ಈ ಆಲ್ಬಮ್‌ನ ಮುದ್ರಣ ಮ್ಯಾಲಿಬುವಿನ ಶಾಂಗ್ರಿಲಾ ಸ್ಟುಡಿಯೊದಲ್ಲಿ ನಡೆಯಿತು, ಕ್ಯಾಥರಿನ್ ಮಾರ್ಕ್ಸ್ ಸಹ ನಿರ್ಮಾಪಕಿಯಾದರು, ಪ್ರಕಾಶನ ಯೂನಿವರ್ಸಲ್ ಸಮೂಹದ ಇಂಟರ್‌ಸ್ಕೋಪ್‌ಗೆ ಹೋಯಿತು. 2024ರ ಫೆಬ್ರುವರಿಯಲ್ಲಿ ಇದಕ್ಕೂ ಇದರ ‘ನಾಟ್ ಸ್ಟ್ರಾಂಗ್ ಇನಫ್’ ಹಾಡಿಗೂ ಸೇರಿ ಮೂರು ಗ್ರ್ಯಾಮಿ ಪ್ರಶಸ್ತಿಗಳು ಬಂದವು. ವಾದ್ಯವಿಲ್ಲದೆ ಮೂವರೂ ಕೂಡಿ ಹಾಡುವ ಮೊದಲ ಹಾಡು, ಬೇಕರ್ ಅವರ ನುಗ್ಗುವ ರಾಕ್, ಚರಣಕ್ಕೊಬ್ಬರಂತೆ ಹಾಡುವ ‘ಕೂಲ್ ಅಬೌಟ್ ಇಟ್’, ಎಲ್ಲವೂ ಅಚ್ಚುಕಟ್ಟು. ‘ಸುವನೀರ್’ನಲ್ಲಿ ಸಡಿಲವಾಗಿದ್ದ ಚರಣ ಹಂಚಿಕೆ ಇಲ್ಲಿ ಬಿಗಿಯಾಗಿದೆ, ‘ಕೂಲ್ ಅಬೌಟ್ ಇಟ್’ನ ಮೂರು ಚರಣಗಳು ಒಂದೇ ಸುಳ್ಳನ್ನು, ಅಂದರೆ ನನಗೇನೂ ಆಗಿಲ್ಲ ಎಂಬುದನ್ನು, ಮೂರು ಸಂದರ್ಭಗಳಲ್ಲಿ ಹೇಳುವುದರಿಂದ ಹಾಡಿಗೆ ಬೆನ್ನೆಲುಬು ಬಂದಿದೆ.

ಹಾಗಿದ್ದೂ ನನ್ನ ಒಲವು ಮೊದಲ ಇಪಿಯ ಕಡೆಗೇ. ದೊಡ್ಡ ಆಲ್ಬಮ್‌ನಲ್ಲಿ ಗೆಳೆತನವೇ ಹಾಡುಗಳ ವಸ್ತುವಾಗುತ್ತ ಹೋಗುತ್ತದೆ. ಒಬ್ಬರು ಕಾರು ಓಡಿಸುತ್ತ ತಪ್ಪು ದಾರಿ ಹಿಡಿದದ್ದು, ಉಳಿದವರು ಸುಮ್ಮನೆ ಕೂತದ್ದು, ಪರಸ್ಪರರನ್ನು ಎಷ್ಟು ಚೆನ್ನಾಗಿ ಬಲ್ಲೆವು ಎಂಬುದು. ಇವು ಅವರವರಿಗೆ ಪ್ರಿಯವಾದ ನೆನಪುಗಳು, ಕೇಳುಗರಿಗೆ ಮಾತ್ರ ಇನ್ನೊಬ್ಬರ ಮನೆಯ ಮದುವೆ ಆಲ್ಬಮ್ ನೋಡಿದ ಅನುಭವ. ಮೊದಲ ಮುದ್ರಿಕೆಯಲ್ಲಿ ಗೆಳೆತನದ ಬಗ್ಗೆ ಒಂದು ಸಾಲೂ ಎದ್ದು ಕಾಣುವುದಿಲ್ಲ. ಆದರೆ ಅದರ ಕೆಲಸ ಪ್ರತಿಯೊಂದು ಹಾರ್ಮನಿಯಲ್ಲೂ ಕೇಳುತ್ತದೆ. ಇದರ ಜೊತೆಗೆ ಮೂವರೂ ಪರಸ್ಪರರ ಶೈಲಿಗೆ ಒಗ್ಗಿಹೋದ ಕಾರಣ, ಎರಡನೆಯ ಆಲ್ಬಮ್‌ನ ಕೆಲವು ಹಾಡುಗಳಲ್ಲಿ ಒಡತಿ ಯಾರೆಂದು ಗುರುತಿಸುವುದೇ ಕಷ್ಟ. ತಂಡವಾಗಿ ಅದು ಬೆಳವಣಿಗೆಯೆಂದು ಹೊಗಳಿದವರಿದ್ದಾರೆ. ನನಗೆ ಅದು ಒಂದಿಷ್ಟು ನಷ್ಟವಾಗಿಯೇ ಕಂಡಿತು. ಮೂರು ಬೇರೆ ಬೇರೆ ಮನಸ್ಸುಗಳ ನಡುವಿನ ಅಂತರವೇ ಮೊದಲ ಮುದ್ರಿಕೆಗೆ ಸೊಗಸು ಕೊಟ್ಟದ್ದು. ಅಪವಾದವೆಂದು ಹೇಳಬಹುದಾದದ್ದು ಕೊನೆಯ ಹಾಡು ‘ಲೆಟರ್ ಟು ಆ್ಯನ್ ಓಲ್ಡ್ ಪೋಯೆಟ್’. ಇದರ ನಡುವೆ ‘ಮಿ ಆ್ಯಂಡ್ ಮೈ ಡಾಗ್’ನ ಧಾಟಿ ಮರಳಿ ಬರುತ್ತದೆ, ಮತ್ತು ಅಲ್ಲಿ ತಾನು ಸೊರಗಿ ಎಲುಬಾಗಬೇಕೆಂದು ಹಂಬಲಿಸಿದ್ದ ಜಾಗದಲ್ಲಿ ಇಲ್ಲಿ ಬ್ರಿಜರ್ಸ್ ಸಂತೋಷವಾಗಿರಬೇಕೆಂದು ಹಾಡುತ್ತಾರೆ. ಹಿಂದಿನದನ್ನು ಕೇಳದವರಿಗೆ ಈ ತಿರುವು ಗೊತ್ತೇ ಆಗುವುದಿಲ್ಲ. ಆದ್ದರಿಂದ ಎರಡನ್ನೂ ಕೇಳುವ ಇರಾದೆಯಿದ್ದರೆ ಬಂದ ಕ್ರಮದಲ್ಲೇ ಕೇಳಬೇಕು.

ಇಪಿಯ ದೊಡ್ಡ ಕುಂದೆಂದರೆ ಅದರ ಅವಧಿ ಎಂದು ಹಲವರು ಗೊಣಗಿದ್ದಾರೆ. ಒಟ್ಟು ಸುಮಾರು 22 ನಿಮಿಷ. ಬಿಸಿಬಿಸಿ ಅಡುಗೆಗೆ ಕೂತು ಅನ್ನ ಸಾರಿಗೇ ಎದ್ದಂತಾಯಿತು ಎನ್ನುವವರ ಬೇಸರ ಅರ್ಥವಾಗುತ್ತದೆ. ಆದರೆ ಕರಾರಿನ ಪ್ರಕಾರ ಒಬ್ಬರಿಗೆ ಎರಡು ಹಾಡು ಎಂಬ ಮಿತಿಯೇ ಇಲ್ಲಿ ಜಳ್ಳು ತೂರಿಹೋಗುವಂತೆ ಮಾಡಿದೆ. ಇಬ್ಬರ ಎದುರಿಗೆ ಇಡಬೇಕಾದ ಒಂದೇ ಪೂರ್ಣ ಹಾಡನ್ನು ಯಾರೂ ಅಸಡ್ಡೆಯಿಂದ ಆರಿಸುವುದಿಲ್ಲವಲ್ಲ. ನಿಜವಾಗಿ ಕೊರತೆಯೆನಿಸುವುದು ಬೇರೆ: ಲಯದಲ್ಲಿ ವೈವಿಧ್ಯ ಕಡಿಮೆ. ಆರರಲ್ಲಿ ಯಾವುದೂ ಚುರುಕಿನ ನಡೆಯದಲ್ಲ. ವಿಳಂಬದಿಂದ ಮಧ್ಯಮದವರೆಗೆ ಬಂದು ಅಲ್ಲೇ ನಿಲ್ಲುತ್ತದೆ. ಕುಣಿಸುವ ಸಂಗೀತ ಬೇಕೆನ್ನುವವರು, ಅಥವಾ ಇಂಗ್ಲಿಷ್ ಹಾಡಿನ ಮಾತುಗಳ ಕಡೆ ಗಮನ ಕೊಡುವ ಅಭ್ಯಾಸವಿಲ್ಲದವರು ಇದನ್ನು ಬೇಗ ಕೈಬಿಡಬಹುದು. ಭಾವಗೀತೆಯನ್ನು ಕವಿತೆಯ ಸಲುವಾಗಿ ಕೇಳಿ ಬೆಳೆದ ಕಿವಿಗಳಿಗೆ ಈ ತೊಡಕು ಇರಲಾರದು. ಒಂದೇ ವ್ಯತ್ಯಾಸವೆಂದರೆ ನಮ್ಮಲ್ಲಿ ಕವಿ, ರಾಗ ಸಂಯೋಜಕ, ಗಾಯಕ ಸಾಮಾನ್ಯವಾಗಿ ಮೂವರು ಬೇರೆ ಬೇರೆ, ಇಲ್ಲಿ ಮೂವರಲ್ಲಿ ಪ್ರತಿಯೊಬ್ಬರೂ ಆ ಮೂರೂ ಆಗಿರುತ್ತಾರೆ.

ಕೊಳ್ಳುವ ವಿಚಾರಕ್ಕೆ ಬಂದರೆ, ಮುದ್ರಿಕೆ ಎಲ್ಲ ಪ್ರಮುಖ ಸ್ಟ್ರೀಮಿಂಗ್ ಸೇವೆಗಳಲ್ಲೂ ನಮ್ಮ ದೇಶದಲ್ಲಿ ಸಿಗುತ್ತದೆ. 2018ರ ನವೆಂಬರ್ 9ರಂದು ಬಿಡುಗಡೆಯಾದ ವಿನೈಲ್ ಪ್ರತಿಯನ್ನು ಹೊರದೇಶದಿಂದ ತರಿಸುವುದಾದರೆ ತಟ್ಟೆಯ ಬೆಲೆಯ ಮೇಲೆ ಅಂಚೆ ಖರ್ಚು, ಸುಂಕ ಸೇರಿ ಮೊತ್ತ ಆರು ಹಾಡುಗಳಿಗೆ ವಿಪರೀತವಾಯಿತೆನಿಸುವುದು ಸಹಜ. ಆ ಮುಖಪುಟವನ್ನು ದೊಡ್ಡ ಅಳತೆಯಲ್ಲಿ ನೋಡುವ ಆಸೆಯಿದ್ದವರಿಗೆ, ವಿದೇಶದಿಂದ ಬರುವ ನೆಂಟರು ಯಾರಾದರೂ ಇದ್ದವರಿಗೆ ಮಾತ್ರ ಅದು ತಕ್ಕುದು. ತಂಡ ಸದ್ಯಕ್ಕೆ ಹೊಸದನ್ನು ಕೊಡುವ ಸೂಚನೆಯಿಲ್ಲ. 2024ರ ಆರಂಭದಲ್ಲೇ ವಿರಾಮ ಘೋಷಿಸಿ ಮೂವರೂ ತಂತಮ್ಮ ದಾರಿ ಹಿಡಿದಿದ್ದಾರೆ. 2025ರಲ್ಲಿ ಡೇಕಸ್ ಅವರ ಒಂಟಿ ಆಲ್ಬಮ್ ಬಂತು. ಬೇಕರ್ ಟಾರೆಸ್ ಎಂಬ ಗಾಯಕಿಯೊಂದಿಗೆ ಸೇರಿ ಕಂಟ್ರಿ ಶೈಲಿಯ ಆಲ್ಬಮ್ ತಂದರು. ಬ್ರಿಜರ್ಸ್ ಅಂತೂ ಈ ಇಪಿ ಬಂದ ಕೆಲವೇ ತಿಂಗಳಲ್ಲಿ, 2019ರ ಜನವರಿಯಲ್ಲಿ, ಗಾಯಕ ಕಾನರ್ ಓಬರ್ಸ್ಟ್ ಜೊತೆ ಇನ್ನೊಂದು ತಂಡ ಕಟ್ಟಿ ಒಂದು ಆಲ್ಬಮ್ ಕೊಟ್ಟವರು. ಜೊತೆಗಾರಿಕೆಯ ರುಚಿ ಹತ್ತಿದವರು ಅದನ್ನೂ ಕೇಳಬಹುದು. ಆದರೆ ಅದಕ್ಕೂ ಮೊದಲು ಈ ಮೂವರ ಒಂಟಿ ಆಲ್ಬಮ್‌ಗಳಲ್ಲಿ ಒಂದೊಂದನ್ನು, ಬೇಕರ್ ಅವರದಾದರೆ 2017ರದ್ದು, ಡೇಕಸ್ ಅವರದಾದರೆ 2018ರದ್ದು, ಬ್ರಿಜರ್ಸ್ ಅವರದಾದರೆ 2020ರದ್ದು, ಕೇಳಿ ಈ ಆರು ಹಾಡುಗಳಿಗೆ ಹಿಂದಿರುಗುವುದು ನನ್ನ ಸಲಹೆ. ಯಾರು ಯಾರ ಹಾಡಿಗೆ ಏನು ಕೊಟ್ಟರು ಎಂಬುದು ಆಗ ಸಾಲು ಸಾಲಾಗಿ ಕೇಳಿಸತೊಡಗುತ್ತದೆ.